ಬೆಟ್ಟದಲ್ಲಿ ಕುದುರೆಗೊಂದು ಬಿಡಾರ

ಕುದುರೆಗಳಿಗೆ ಬೆಟ್ಟದಲ್ಲಿ ಬಿಡಾರ ಹುಡುಕಲು ಹೊರಟರೆ ಜಾಗವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ನಾನು ಹೊರಟಾಗಲೆಲ್ಲ ಒಂದಿಲ್ಲೊಂದು ಸಿಕ್ಕಿದೆ. ಆಗಾಗಲೇ ಬರೆದಿಟ್ಟವಳಾದ್ದರಿಂದ ಈಗ ಹೇಳುವಾಗ ಉಪ್ಪುಖಾರ ಸೇರಿಸಬೇಕಾಗಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಎಂಜಿನಿಯರು. ಆಫೀಸರುಗಳ ಲಾಯದಲ್ಲಿ ಆರು ಕುದುರೆಗಳಿದ್ದವು. ಅವುಗಳಲ್ಲಿ ಕಂದು ಬಣ್ಣದ ಹೆಣ್ಣು ಕುದುರೆಯನ್ನು ಪಳಗಿಸಿದವಳು ನಾನೇ. ಹೊಸದಾಗಿ ಬಂದ ಸೂಪರಿಂಟೆಂಡೆಂಟರು, "ಜೀಪು ಬಂದ ಮೇಲೆ ಕುದುರೆ ಯಾಕೆ? ಮಾರಿಬಿಡಿ" ಎಂದರು.

ನಾನು ಸುಮ್ಮನಿರಲಿಲ್ಲ. "ಜೀಪು ಹತ್ತದ ಬೆಟ್ಟವನ್ನು ಕುದುರೆ ಹತ್ತುತ್ತದೆ ಸಾರ್. ಒಂದು ಸಲ ಬಂದು ನೋಡಿ" ಎಂದೆ.

"ಆಗಲಿ. ಬೆಟ್ಟದಲ್ಲಿ ಕುದುರೆಗೂ ನನಗೂ ಒಂದು ರಾತ್ರಿ ಸುಖವಾಗಿ ತಂಗುವ ಜಾಗ ತೋರಿಸಿ. ಇಲ್ಲದಿದ್ದರೆ ದೀಪಾವಳಿ ಹೊತ್ತಿಗೆ ಲಾಯ ಖಾಲಿ."

ನಾನು ಬಿ.ಎ.ಯಲ್ಲಿ ಭೂಗೋಳ ಓದಿದವಳು. ನಮ್ಮ ಸಾಲಿನ ಬಂಗಲೆಗಳಲ್ಲಿ ನಕ್ಷೆಯನ್ನು ನೆಟ್ಟಗೆ ಹಿಡಿಯಬಲ್ಲವಳು ನಾನೊಬ್ಬಳೇ. ಹುಡುಕುವ ಕೆಲಸ ನನ್ನದಾಯಿತು.

ವಿಚಾರಣೆ

ಮೊದಲು ನಾನೂ ಯಜಮಾನರೂ ಕಾಮಸಮುದ್ರದ ಕಡೆ ಹೋದೆವು. ಬೆಟ್ಟದ ಕೆಳಗೆ ಒಬ್ಬ ರೈತ ರಾಗಿ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದ. "ಆರು ಕುದುರೆ, ಆರು ಜನ. ಒಂದು ರಾತ್ರಿ ತಂಗೋಕೆ ಮೇಲೆ ಜಾಗ ಇದೆಯೇನಪ್ಪಾ?" ಎಂದು ಕೇಳಿದೆ.

"ಮದುವೆ ದಿಬ್ಬಣವಾ?"

"ಅಲ್ಲ."

"ಪೋಲೀಸ್ನೋರಾ? ಕಳ್ಳರೇನಾದ್ರೂ ಅಡಗವ್ರಾ?"

"ಅಲ್ಲಪ್ಪಾ. ಸುಮ್ಮನೆ ಬೆಟ್ಟ ಹತ್ತೋದು, ಮಲಗೋದು, ಬೆಳಿಗ್ಗೆ ಎದ್ದು ಮನೆಗೆ ಹೋಗೋದು."

ಅವನು ಗೊಬ್ಬರದ ಮಂಕರಿ ಕೆಳಗಿಟ್ಟು ಹೆಂಡತಿಯನ್ನು ಕೂಗಿದ. "ಲೇ, ಬಾ ಇಲ್ಲಿ. ಮನೆ ಮಡಿಕ್ಕೊಂಡು ಕಾಡಲ್ಲಿ ಮಲಗೋರು ಬಂದವ್ರೆ, ನೋಡು ಬಾ."

ಅವಳು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಯಾಕವ್ವಾ, ಅತ್ತೆ ಅಷ್ಟು ಕಾಟ ಕೊಡ್ತಾಳಾ?"

ಸ್ವಾಮಿಯ ತೋಪು

ಎರಡನೆಯ ಸಲ ನಾನೂ ಯಜಮಾನರೂ ಕುದುರೆಗಳ ಮೇಲೇ ಹೋದೆವು. ಎರಡು ಗುಡ್ಡಗಳ ನಡುವೆ ಸೊಗಸಾದ ಜಾಗ: ಹುಣಸೆ ತೋಪು, ಸಮತಟ್ಟಾದ ನೆಲ, ಪಕ್ಕದಲ್ಲೇ ನೀರು ತುಂಬಿದ ಕುಂಟೆ. ತೋಪಿನಲ್ಲಿ ಮುನೇಶ್ವರನ ಗುಡಿ. ಹರಕೆ ಹೊತ್ತವರು ತಂದಿಟ್ಟ ಮಣ್ಣಿನ ಕುದುರೆಗಳು ಗುಡಿಯ ಸುತ್ತ ಸಾಲಾಗಿ ನಿಂತಿದ್ದವು. ಇದಕ್ಕಿಂತ ಒಳ್ಳೆಯ ಶಕುನ ಬೇಕೆ ಎಂದುಕೊಂಡು ಕುದುರೆಗಳನ್ನು ಕಟ್ಟಿ ನೆಲ ಅಳೆಯತೊಡಗಿದೆವು.

ತಿರುಗಿ ಬಂದು ನೋಡಿದರೆ ನನ್ನ ಕುದುರೆಯ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಮುಂದೆ ಪೂಜಾರಿ ಕೈಮುಗಿದು ನಿಂತಿದ್ದ. ಅವನ ಹಿಂದೆ ಅರ್ಧ ಊರು.

"ಇಲ್ಲಿಗೆ ಬಂದ ಕುದುರೆ ಸ್ವಾಮೀದು. ವಾಪಸ್ ಓಗಂಗಿಲ್ಲ ತಾಯೀ."

"ಅಯ್ಯೋ, ಸ್ವಾಮಿಗೆ ಕೊಡೋದು ಮಣ್ಣಿನ ಕುದುರೆ ಅಲ್ಲವೇನಪ್ಪಾ?"

"ಮಣ್ಣಿಂದು ನಮ್ಮಂತೋರು ಕೊಡೋದು. ಮೈನ್ಸ್ ಆಫೀಸರು ಜೀವ ಇರೋದನ್ನೇ ತಂದವ್ರೆ ಅಂತ ಊರೆಲ್ಲಾ ಸಂತೋಸವಾಗೈತೆ."

ಯಜಮಾನರು ಇಂಗ್ಲಿಷಿನಲ್ಲಿ ಗೊಣಗಿದರು. ಅಷ್ಟರಲ್ಲಿ ಕುದುರೆ ತನ್ನ ಹಾರವನ್ನು ತಿಂದು ಮುಗಿಸಿ, ಕತ್ತು ಚಾಚಿ ಸ್ವಾಮಿಯ ಹಾರವನ್ನೂ ಎಳೆದುಕೊಂಡು ತಿಂದಿತು. ಎಡೆಗಿಟ್ಟಿದ್ದ ಪೊಂಗಲಿಗೆ ಬಾಯಿ ಹಾಕಿತು. ತಡೆಯಲು ಬಂದ ಪೂಜಾರಿಯ ಜುಟ್ಟು ಹುಲ್ಲಿನಂತೆ ಕಂಡಿರಬೇಕು, ಅದನ್ನೂ ಹಿಡಿಯಿತು.

ಬಿಡಿಸಿಕೊಂಡವನೇ ಪೂಜಾರಿ ಗುಡಿಯೊಳಗೆ ಓಡಿ, ಒಂದು ಕ್ಷಣ ಕಣ್ಣು ಮುಚ್ಚಿ, ಹೊರಗೆ ಬಂದ.

"ಕರ್ಕೊಂಡು ಓಗಿ ತಾಯೀ. ಸ್ವಾಮಿ ಬ್ಯಾಡ ಅಂತಾವ್ನೆ."

ಮೇಲಿನವರ ಸವಾರಿ

ದೀಪಾವಳಿ ಹತ್ತಿರವಾಯಿತು. ಬಂಗಾರಪೇಟೆಯ ಆಚೆಗೊಂದು ಗುಡ್ಡವನ್ನು ಹೇಗೋ ಗೊತ್ತುಮಾಡಿ ಸೂಪರಿಂಟೆಂಡೆಂಟರನ್ನು ಹೊರಡಿಸಿದೆ. ಅವರಿಗೆ ಲಾಯದಲ್ಲೇ ಅತ್ಯಂತ ಸಾಧು ಕುದುರೆ ಕೊಟ್ಟೆವು. ಅದು ಬೂದಿಕೋಟೆ ರಸ್ತೆಯ ಜಟಕಾದವನಿಂದ ಕೊಂಡದ್ದೆಂದು ಎಲ್ಲರಿಗೂ ಗೊತ್ತಿತ್ತು. ಅದು ಕಸುಬು ಮರೆತಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ.

ಬಂಗಾರಪೇಟೆ ಪೇಟೆಬೀದಿಯಲ್ಲಿದ್ದಾಗ ಮದರಾಸಿನ ರೈಲು ಕೂಗಿತು. ಸಾಧು ಕುದುರೆ ಕಿವಿ ನಿಗುರಿಸಿ ನೇರ ಸ್ಟೇಷನ್ನಿಗೆ ನುಗ್ಗಿ, ಜಟಕಾ ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿತು. ಮೇಲೆ ಟೋಪಿ, ಬೂಟು, ಸೂಪರಿಂಟೆಂಡೆಂಟರು.

"ಯಾವನ್ಲಾ ಅವನು, ಸರದಿ ಬಿಟ್ಟು ಮುಂದಕ್ಕೆ ಬಂದೋನು? ಇಂದಕ್ಕೆ ಓಗ್ಲಾ!" ಜಟಕಾದವರು ಕೂಗಿದರು.

ಸೂಪರಿಂಟೆಂಡೆಂಟರು ಲಗಾಮು ಎಳೆದರು, ಹಿಮ್ಮಡಿಯಿಂದ ಒತ್ತಿದರು, ಗದರಿದರು. ಕುದುರೆ ಅಲ್ಲಾಡಲಿಲ್ಲ. ರೈಲಿನಿಂದಿಳಿದ ಒಬ್ಬ ಮುದುಕಿ ತಲೆಯ ಮೇಲೆ ಮೂಟೆ ಹೊತ್ತು ನೆಟ್ಟಗೆ ಅವರ ಹತ್ತಿರವೇ ಬಂದಳು.

"ಏಮಪ್ಪಾ, ಇದು ನಮ್ಮೂರ ರಸ್ತೆ ಕುದುರೆ ಅಲ್ವಾ? ನೀನು ಹೊಸಬನಾ? ಗಾಡಿ ಎಲ್ಲಿ?"

"ಗಾಡಿ ಇಲ್ಲಮ್ಮಾ."

"ಗಾಡಿ ಇಲ್ದೆ ಯಾಕಪ್ಪಾ ಬಂದೆ? ಓಗ್ಲಿ, ಮೂಟೆನಾದ್ರೂ ಇಡ್ಕೊ" ಎಂದು ಅವರ ತೊಡೆಯ ಮೇಲೆ ಎತ್ತಿ ಹಾಕಿದಳು.

ಮೂಟೆಯ ಭಾರ ಬಿದ್ದದ್ದೇ ತಡ, ಗಿರಾಕಿ ಹತ್ತಿದರೆಂದು ತಿಳಿದು ಕುದುರೆ ಹೊರಟಿತು. ನಮ್ಮ ಗುಡ್ಡದ ಕಡೆಗಲ್ಲ, ಬೂದಿಕೋಟೆ ರಸ್ತೆಗೆ. ಮುದುಕಿ ನಮ್ಮ ಹಿಂದೆ ಬರುತ್ತಿದ್ದ ಸಾಮಾನಿನ ಎತ್ತಿನ ಗಾಡಿ ಹತ್ತಿದಳು. ನಾವೆಲ್ಲ ಹಿಂದೆ ಹಿಂದೆ. ನನ್ನ ಲಾಯದ ಕಥೆ ಮುಗಿಯಿತೆಂದುಕೊಂಡೆ.

ಕುದುರೆ ನಿಂತದ್ದು ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ. ಕೆರೆ, ಮೊಣಕಾಲೆತ್ತರದ ಹುಲ್ಲು, ಮಾವಿನ ನೆರಳು. ನನ್ನ ನಕ್ಷೆಯಲ್ಲಿ ಆ ಊರೇ ಇರಲಿಲ್ಲ. ರಾತ್ರಿ ಮುದುಕಿ ಎಲ್ಲರಿಗೂ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಸೂಪರಿಂಟೆಂಡೆಂಟರು ಎರಡು ಮುದ್ದೆ ನುಂಗಿ, ಹುಲ್ಲಿನ ಮೇಲೆ ಮರುದಿನ ಬಿಸಿಲೇರುವವರೆಗೂ ಗೊರಕೆ ಹೊಡೆದರು. ಎದ್ದವರೇ, "ಕುದುರೆಗಳು ಇರಲಿ ಬಿಡಿ" ಎಂದರು.

ಅವರು ಠೀವಿಯಿಂದ ಕುದುರೆ ಹತ್ತುವಾಗ ಮುದುಕಿ ಬಂದು ಅವರ ಬೂಟು ತಟ್ಟಿದಳು.

"ಮುಂದಿನ ಸೋಮವಾರಾನೂ ಇದೇ ರೈಲಿಗೇ ಬತ್ತೀನಿ ಕಣಪ್ಪಾ. ಗಾಡಿ ಕಟ್ಕೊಂಡು ಬಾ."