ಬೇಕಾದೀತಪ್ಪನ ಎರಡನೇ ಟ್ರಾಕ್ಟರ್

ಎಲ್ಲಕ್ಕೂ ಮೂಲ ಒಂದು ಹಿಟ್ಟಿನ ಗಿರಣಿ. ಅದನ್ನು ತಂದು ಹಿತ್ತಲ ಶೆಡ್ಡಿನಲ್ಲಿ ಕೂರಿಸಬೇಕೆಂದು ಹೆಂಡತಿಗೆ ಬಹುದಿನದ ಆಸೆ. ಆದರೆ ಆ ಜಾಗದಲ್ಲಿ ತುಕ್ಕು ಹಿಡಿದ ಹಳೇ ಟ್ರಾಕ್ಟರೊಂದು ಆಗಲೇ ಠಿಕಾಣಿ ಹೂಡಿತ್ತು.

ಒಡೆದ ಬಕೆಟ್ಟು, ಒಂಟಿ ಚಪ್ಪಲಿ, ಏನೇ ಇರಲಿ "ಇರಲಿ ಬಿಡು, ಬೇಕಾದೀತು" ಎಂದು ಎತ್ತಿಡುವ ಗಂಡನಿಗೆ ನೆರೆಹೊರೆಯವರು ಬೇಕಾದೀತಪ್ಪ ಎಂದೇ ಹೆಸರಿಟ್ಟಿದ್ದರು. ಆ ಟ್ರಾಕ್ಟರನ್ನು ಅವನು ಕೊಂಡದ್ದು ಓಡಿಸುವುದಕ್ಕಲ್ಲ, ಬಿಚ್ಚುವುದಕ್ಕೆ. ಹೊಲ ಉಳುವ ಅವನ ಕೆಂಪು ಟ್ರಾಕ್ಟರ್ 'ಕೆಂಪಿ'ಯೂ ಅದೇ ಮಾಡೆಲ್. ಕೆಂಪಿಯದು ಏನು ಕೆಟ್ಟರೂ ಈ ತುಕ್ಕು ಮುದುಕನ ಮೈಯಿಂದ ಬಿಚ್ಚಿ ಹಾಕಿದರಾಯಿತು. ಹೀಗೆ ಕೊಟ್ಟು ಕೊಟ್ಟು ಮುದುಕ ಬರೀ ಎಲುಬಿನ ಗೂಡಾಗಿದ್ದ.

"ರೀ, ಸಂಜೆಗೆ ಗುಜರಿಯವನನ್ನ ಬರೋಕೆ ಹೇಳಿದೀನಿ" ಎಂದಳು ಹೆಂಡತಿ ಬೆಳಿಗ್ಗೆಯೇ.

"ಅಯ್ಯೋ, ಅದು ಗುಜರಿ ಅಲ್ಲ ಕಣೇ! ಇಂಜಿನ್ ಇನ್ನೂ ಗುಂಡುಕಲ್ಲಿನ ಹಾಗಿದೆ."

"ಹಾಗಿದ್ರೆ ಸ್ಟಾರ್ಟ್ ಮಾಡಿ ತೋರಿಸಿ. ಸ್ಟಾರ್ಟ್ ಆದ್ರೆ ಗುಜರಿಗೆ ಹಾಕಲ್ಲ, ನನ್ನ ಮಾತು ಅಂದ್ರೆ ಮಾತು. ಆಗಲಿಲ್ವೋ, ಲಾರಿ ಹತ್ತುತ್ತೆ."

ಮುದುಕ ಹೋದರೆ ಕೆಂಪಿಗೆ ಗತಿ ಯಾರು? ಆ ಮಾಡೆಲ್ಲಿನ ಒಂದು ನಟ್ಟು ಕೇಳಿದರೂ ಅಂಗಡಿಯವರು ನಗುತ್ತಿದ್ದರು. ಬೇಕಾದೀತಪ್ಪ ಅಂಗಿಯ ತೋಳು ಮಡಚಿ ಶೆಡ್ಡಿಗೆ ನಡೆದ.

ಸ್ಪ್ಯಾನರಿನ ಸದ್ದು ಕೇಳಿದರೆ ಗಂಡಸರಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಮೊದಲು ಪಕ್ಕದ ಮನೆಯ ರಿಟೈರ್ಡ್ ಬಸ್ ಡ್ರೈವರ್ ಬಂದ. ಅವನ ಬೆನ್ನಿಗೇ ಎದುರುಮನೆಯ ಟೈಲರ್.

"ಬ್ಯಾಟರಿನೇ ಇಲ್ವಲ್ರೀ" ಎಂದ ಡ್ರೈವರ್. "ಕೆಂಪಿದು ಬಿಚ್ಚಿ ತನ್ನಿ. ಐದು ನಿಮಿಷದ ಮಾತು, ಆಮೇಲೆ ವಾಪಸ್ ಹಾಕಿದ್ರಾಯ್ತು."

ಕೆಂಪಿ ನಿಂತಿದ್ದು ಶೆಡ್ಡಿನ ಹಿಂದೆ. ಬ್ಯಾಟರಿ ಬಿಚ್ಚಿ ಬಾನೆಟ್ ಮುಚ್ಚುವಷ್ಟರಲ್ಲಿ ಅಡಿಗೆಮನೆಯ ಕಿಟಕಿಯಿಂದ ಕೂಗು ಬಂತು: "ರೀ, ಕೆಂಪಿ ತಂಟೆಗೆ ಹೋಗ್ಬೇಡಿ! ನಾಳೆ ಹೊಲ ಉಳಬೇಕು!"

"ಛೇ ಛೇ, ಮುಟ್ತೀನೇನೇ!" ಎಂದ ಬೇಕಾದೀತಪ್ಪ, ಬ್ಯಾಟರಿಯನ್ನು ಮಗುವಿನಂತೆ ಅವುಚಿಕೊಂಡು.

ಬ್ಯಾಟರಿ ಬಂದ ಮೇಲೆ ಇಂಜಿನ್ ತಿರುಗಿಸುವ ಸೆಲ್ಫ್ ಮೋಟರ್ ಇಲ್ಲವೆಂದು ಗೊತ್ತಾಯಿತು. ಹೋದ ವರ್ಷವೇ ಅದು ಕೆಂಪಿಯ ಪಾಲಾಗಿತ್ತು. ಅದೂ ಬಂತು. ಇಂಜಿನ್ ಗೊರಗೊರ ತಿರುಗಿತೇ ಹೊರತು ಹತ್ತಲಿಲ್ಲ.

"ನಮ್ಮ ಮಿಶನ್ ಹಟ ಮಾಡಿದ್ರೆ ನಾಲ್ಕು ಹನಿ ಎಣ್ಣೆ ಬಿಡ್ತೀನಿ" ಎಂದ ಟೈಲರ್.

"ನೀವು ಸುಮ್ನಿರಿ. ಡೀಸೆಲ್ ಪೈಪಲ್ಲಿ ಗಾಳಿ ಹಿಡ್ಕೊಂಡಿದೆ" ಎಂದು ಡ್ರೈವರ್ ಒಂದು ನಟ್ಟು ಸಡಿಲಿಸಿದ. ಒಳಗಿದ್ದ ಡೀಸೆಲ್ ಟೈಲರನ ಬಿಳಿ ಶರ್ಟಿನ ಮೇಲೆ ಚಿಮ್ಮಿತು. ಇಷ್ಟಾದರೂ ಅವನು ಮನೆಗೆ ಹೋಗಲಿಲ್ಲ. ಹೋದರೆ ತಮಾಷೆ ತಪ್ಪಿಹೋಗುತ್ತದಲ್ಲ!

ಮಧ್ಯಾಹ್ನ ಕೆಂಪಿಯ ಡೀಸೆಲ್ ಪಂಪು ಬಂತು, ಅದರ ಹಿಂದೆ ಫಿಲ್ಟರ್. ಪ್ರತಿ ಸಲವೂ ಬೇಕಾದೀತಪ್ಪ ಕೆಂಪಿಯ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ಮೇಲಿನ ಧೂಳನ್ನೂ ಒರೆಸಿ ಬರುತ್ತಿದ್ದ. ಹೊರಗೆಲ್ಲ ಶೃಂಗಾರ, ಒಳಗೆ ಗೋಳಿಸೊಪ್ಪು. ಈ ಗಾದೆ ಮಾಡಿದವನು ಆ ಹೊತ್ತು ಕೆಂಪಿಯನ್ನು ನೋಡಬೇಕಿತ್ತು.

ಸಂಜೆ ಗುಜರಿ ಲಾರಿ ಗೇಟಿಗೆ ಬಂದು ನಿಂತಿತು. ಅದರ ಹಿಂದೆಯೇ ನಗುನಗುತ್ತಾ ಭಾವಮೈದನೂ ಬಂದ. ಬೇಕಾದೀತಪ್ಪ ಕಣ್ಣು ಮುಚ್ಚಿ ಕೀಲಿ ತಿರುಗಿಸಿದ. ಮುದುಕ ಕೆಮ್ಮಿದ, ನಡುಗಿದ, ಒಣಹಾಕಿದ್ದ ಬಟ್ಟೆಯ ಮೇಲೆಲ್ಲ ಕರೀ ಹೊಗೆ ಉಗುಳಿ ಗುಡುಗುಡು ಶುರುವಾದ!

ಡ್ರೈವರ್ ಶಿಳ್ಳೆ ಹಾಕಿದ. ಬೇಕಾದೀತಪ್ಪನಿಗೆ ಸಂತೋಷಕ್ಕೆ ನಿಜವಾಗಿಯೂ ಕಣ್ಣೀರು ಬಂತು. ಇಷ್ಟು ವರ್ಷ ಸತ್ತಿದ್ದ ಗಾಡಿ ಉಸಿರಾಡುತ್ತಿತ್ತು. ಹೆಂಡತಿ ಮಾತಿಗೆ ತಪ್ಪಲಿಲ್ಲ, ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿಬಿಟ್ಟಳು.

"ಭಾವ, ಒಂದು ಸುತ್ತು ಹೋಗ್ಲಾ?" ಎಂದು ಭಾವಮೈದ ಸೀಟು ಹತ್ತಿದ.

"ಹೋಗೋ, ಹೋಗು! ಊರೆಲ್ಲ ನೋಡ್ಲಿ!"

ಗುಡುಗುಡು ಸದ್ದು ಗೇಟು ದಾಟಿ ದೂರವಾಯಿತು. ಬರಬರುತ್ತಾ ಕೇಳಿಸದೇ ಹೋಯಿತು.

"ಎಲ್ಲೇ ಇವನು? ಇನ್ನೂ ಬರಲಿಲ್ವಲ್ಲ."

"ಯಾಕೆ ಬರ್ತಾನೆ? ಅವನ ಮನೆಗೆ ಹೋದ" ಎಂದಳು ಹೆಂಡತಿ. "ಇಂಜಿನ್ ಗೊರಗೊರ ಅಂದಾಗ್ಲೇ ಫೋನ್ ಮಾಡಿ ಕರೆಸಿದೆ. ಗುಜರಿಗೆ ಹಾಕಲ್ಲ ಅಂದೆ, ಹಾಕಲಿಲ್ಲ. ತಮ್ಮನಿಗೆ ಕೊಟ್ಟೆ. ಪಾಪ, ಅವನಿಗೊಂದೂ ಇಲ್ಲ. ನಮಗೆ ಕೆಂಪಿ ಇದಾಳಲ್ಲ!"

ಬೇಕಾದೀತಪ್ಪನ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೆಂಪಿಯನ್ನು ಮುಟ್ಟುವುದಿಲ್ಲವೆಂದು ಬೆಳಿಗ್ಗೆ ಅವನೇ ಕೂಗಿ ಹೇಳಿದ್ದ.

"ಸರಿ, ಶೆಡ್ ಖಾಲಿಯಾಯ್ತು. ಗಿರಣಿ ತರೋ ಗಾಡಿ ಶೆಡ್ಡಿನ ಹಿಂದಿನಿಂದ ಬರಬೇಕು, ಕೆಂಪೀನ ಸ್ವಲ್ಪ ಪಕ್ಕಕ್ಕೆ ತೆಗೀರಿ."

ಟೈಲರನಿಗೆ ಆಗ ಶರ್ಟಿನ ನೆನಪಾಯಿತು, ಮನೆಗೆ ಓಡಿದ. ಬೇಕಾದೀತಪ್ಪ ಹೋಗಿ ಕೆಂಪಿಯ ಮೇಲೆ ಕೂತು, ಹೆಂಡತಿ ನೋಡುತ್ತಿದ್ದಾಳೆಂದು ಕೀಲಿಯನ್ನೂ ತಿರುಗಿಸಿದ. ಟಿಕ್ ಎನ್ನುವ ಸದ್ದೂ ಬರಲಿಲ್ಲ.

ಡ್ರೈವರ್ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ನಿಮ್ಮ ಭಾವಮೈದನ್ನ ಕೇಳಿ ನೋಡಿ. ಇದೇ ಮಾಡೆಲ್ ಅವನ ಹತ್ರ ಒಂದಿದೆ."

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಗೇಟಿನ ಕಡೆ ಹೊರಟೇಬಿಟ್ಟಳು.

"ಇದೂ ಕೆಟ್ಟೋಯ್ತಾ? ಕೂತಿರಿ, ಇಳೀಬೇಡಿ. ಗುಜರಿಯವನು ಇನ್ನೂ ಬೀದಿ ತುದೀಲಿ ಲಾರಿ ತಿರುಗಿಸ್ತಿದಾನೆ."