ಬೇಗಂ ಸೋರುವುದು ನಿಂತ ದಿನ

ಈ ಜಗತ್ತಿನಲ್ಲಿ ನಾನು ಮುಚ್ಚಲಾರದ ಮುಚ್ಚಳವಿಲ್ಲ! ನಿವೃತ್ತಿಯಾಗುವವರೆಗೂ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಬಾಟಲಿಗಳಿಗೆ ಮುಚ್ಚಳ ಬಿಗಿಸುವ ವಿಭಾಗದ ಮುಖ್ಯಸ್ಥನಾಗಿದ್ದವನು ನಾನು. ನಾನು ಮುಚ್ಚಿಸಿದ ಕೆಮ್ಮಿನ ಔಷಧದ ಬಾಟಲಿಗಳನ್ನು ಸಾಲಾಗಿಟ್ಟರೆ ಚಾರ್‌ಮಿನಾರಿನಿಂದ ಚಂದ್ರಲೋಕ ಮುಟ್ಟಿ, ಬರುವಾಗ ಗೋಲ್ಕೊಂಡಾಕ್ಕೂ ಒಂದು ಸುತ್ತು ಹಾಕಬಹುದು. ಅಂಥವನ ಸ್ವಂತ ಕಾರು ಎಣ್ಣೆ ಸೋರುವುದೆಂದರೆ!

ಕಾರಿನ ಹೆಸರು ಬೇಗಂ. ನಿಜಾಮರ ಕಾಲದವಳಲ್ಲ, ಆದರೆ ಹಾಗೆಯೇ ಕೆಮ್ಮುತ್ತಾಳೆ. ಇಂಜಿನ್ನಿನ ನೆತ್ತಿಯ ಮೇಲೆ ಕ್ಯಾಮ್ ಕವರ್ ಎಂಬ ಮುಚ್ಚಳವಿದೆ. ಅದರ ಸಂದಿಯಿಂದ ಹನಿಹನಿ ಎಣ್ಣೆ ಜಿನುಗಿ, ಅಮೀರ್‌ಪೇಟ್‌ನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಒಂದು ಕಪ್ಪು ಕೆರೆಯೇ ಆಗಿತ್ತು. ಅರಬರು ಕಂಡಿದ್ದರೆ ಬಾವಿ ತೋಡುತ್ತಿದ್ದರು!

ಸಾಫ್ಟ್‌ವೇರ್ ಎಂಬುದು ಬಂದ ಮೇಲೆ ನಮ್ಮ ಕಟ್ಟಡದಲ್ಲಿ ಹುಡುಗರೆಲ್ಲ ತರಕಾರಿ ತಂದಂತೆ ಕಾರು ತರುತ್ತಿದ್ದರು. ನೆರಳಿನ ಜಾಗ ಮಾತ್ರ ನಾಲ್ಕೈದು ಕಾರಿಗಷ್ಟೇ. ಅದಕ್ಕಾಗಿ ದಿನವೂ ಕುರುಕ್ಷೇತ್ರ. ಆದರೂ ಲಿಫ್ಟಿನ ಪಕ್ಕದ ನನ್ನ ಜಾಗಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಹಿರಿಯರೆಂಬ ಗೌರವ ಇನ್ನೂ ಉಳಿದಿದೆಯಲ್ಲ ಎಂದು ನಾನು ಮೀಸೆ ತಿರುವುತ್ತಿದ್ದೆ.

"ರೀ, ನಿಮ್ಮ ಕಾಲಿಗೆ ಹತ್ತಿದ ಎಣ್ಣಿ ದೇವರ ಮನಿ ತನಕ ಬಂದೈತಿ," ಎಂದಳು ಹೆಂಡತಿ ಮಂದಾಕಿನಿ. "ಯುಗಾದಿಗೆ ನಮ್ಮಕ್ಕ ಬರ್ತಾಳ. ಗಾಡಿ ಮಾರ್ರಿ, ಇಲ್ಲಾ ಇದರ ಸೋರಾಟ ನಿಲ್ಲಸ್ರಿ."

"ಒಂದೇ ದಿನದ ಕೆಲಸ! ಲಕ್ಷಾಂತರ ಬಾಟಲಿ ಮುಚ್ಚಿದ ಕೈ ಇದು."

"ಮುಚ್ಚಿದ್ದು ಮಷಿನ್ನು. ನೀವು ಕುರ್ಚಿ ಮ್ಯಾಲೆ ಕುಂತು ನೋಡಿದ್ರಿ."

ಮರುದಿನವೇ ಮುಚ್ಚಳ ಬಿಚ್ಚಿದೆ. ಒಳಗಿನ ಹಳೆಯ ರಬ್ಬರ್ ಪಟ್ಟಿ ಹಪ್ಪಳದಂತೆ ಪುಡಿಪುಡಿಯಾಯಿತು. ಹೊಸ ಪಟ್ಟಿ ತಂದೆ. ಹೋಳಿಗೆಗೆ ತುಪ್ಪ ಸುರಿದಂತೆ ಧಾರಾಳವಾಗಿ ಅಂಟು ಮೆತ್ತಿದೆ. ಬೋಲ್ಟುಗಳನ್ನು ಜರಾಸಂಧನ ಹಿಡಿತದಲ್ಲಿ ಬಿಗಿದೆ. ಬೆಳಿಗ್ಗೆ ನೋಡಿದರೆ ಒಂದು ಕಡೆ ಸೋರುತ್ತಿದ್ದವಳು ಮೂರು ಕಡೆ ಸೋರುತ್ತಿದ್ದಳು!

"ಅಯ್ಯ, ಹೊಸ ನಳ ಹಾಕಿಸಿದ್ರೇನ್ರಿ?" ಎಂದಳು ಮಂದಾಕಿನಿ.

ಮತ್ತೆ ಬಿಚ್ಚಿದೆ. ಹಳೆಯ ಅಂಟು ಕೆರೆಯದೆ ಹೊಸದು ಕೂರುವುದಿಲ್ಲ ಎಂದು ಹೊಳೆಯಿತು. ಕೆರೆಯಲು ದೋಸೆ ಮಗುಚುವ ಚಮಚ ಒಯ್ದೆ. ಅದರಿಂದ ಮನೆಯಲ್ಲಿ ಎದ್ದ ಯುದ್ಧದ ವರ್ಣನೆ ಬೇಡ. ಎರಡು ದಿನ ಉಪ್ಪಿಟ್ಟೇ ಗತಿಯಾಯಿತು ಎಂದರೆ ಸಾಕು. ಈ ಸಲ ತೆಳ್ಳಗೆ ಅಂಟು ಸವರಿ, ಪಟ್ಟಿ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಹದವಾಗಿ ಬಿಗಿದೆ. ಕೆಳಗೆ ಪೇಪರ್ ಹಾಸಿದೆ.

ಬೆಳಿಗ್ಗೆ ಪೇಪರಿನ ಮೇಲೆ ಒಂದು ಹನಿ ಇಲ್ಲ! "ಮಂದಾ! ಬಾ, ನೋಡು!" ಎಂದು ನಾನು ಕೂಗಿದ್ದು ಪಟಾನ್‌ಚೆರುವಿಗೂ ಕೇಳಿಸಿರಬೇಕು. ಅವಳೂ ಮೊದಲ ಸಲ ನನ್ನನ್ನು ಗಂಡನಂತೆ ನೋಡಿದಳು. ನಾನು ಬೇಗಂಳನ್ನು ಆಚೆ ಸರಿಸಿ ನಿಲ್ಲಿಸಿದೆ; ಅವಳು ಸೋಡಾ ಹಾಕಿ, ಪೊರಕೆ ಸವೆಯುವಷ್ಟು ತಿಕ್ಕಿ ಕಪ್ಪು ಕೆರೆಯನ್ನು ಅಳಿಸಿದಳು. ಮೇಲೊಂದು ರಂಗೋಲಿ ಬಿಡಿಸಿದಳು. ವಿಜಯಯಾತ್ರೆಗೆಂದು ಇಬ್ಬರೂ ಬೇಗಂ ಏರಿ ಮಾರ್ಕೆಟ್ಟಿಗೆ ಹೋಗಿ ಬಂದೆವು.

ಬಂದರೆ, ರಂಗೋಲಿಯ ಮೇಲೆ ಮಿರಿಮಿರಿ ಹೊಸ ಕಾರು! ಮೂರನೇ ಮಹಡಿಯ ಮೈಸೂರು ಹುಡುಗ ಗಗನ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದ.

"ಇದು ನನ್ನ ಜಾಗ ಕಣಪ್ಪಾ!"

"ಹೌದಾ ಅಂಕಲ್? ಇಲ್ಲಿ ಎಣ್ಣೆ ಇತ್ತಲ್ಲ, ಟೈರಿಗೆ ಮೆತ್ಕೊಳ್ಳತ್ತೆ ಅಂತ ಯಾರೂ ನಿಲ್ಲಿಸ್ತಿರ್ಲಿಲ್ಲ. ಇವತ್ತು ಎಷ್ಟು ನೀಟಾಗಿದೆ! ರಂಗೋಲಿ ಬೇರೆ ಹಾಕಿದ್ರು. ವೆಲ್ಕಮ್ ಅಂದ್ಕೊಂಡೆ!"

ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಹಣಮಂತರಾಯರ ಬಾಗಿಲು ತಟ್ಟಿದೆ.

"ಜಾಗಾ ಯಾರ ಹೆಸರಿಗೂ ಇಲ್ರಿ ಸಾಹೇಬ್ರ. ಮೊದಲ ಬಂದವ್ರಿಗೆ ಮೊದಲ."

"ಇಷ್ಟು ವರ್ಷ ನನಗೇ ಬಿಟ್ಟಿದ್ದರಲ್ಲ, ಹಿರಿಯರು ಅಂತ?"

"ಹಿರಿಯರು ಅಂತಲ್ರಿ," ಎಂದರು ಹಣಮಂತರಾಯರು, ಬಹಳ ಮರ್ಯಾದೆಯಿಂದ. "ಹೊಲಸು ಅಂತ."

ಬೇಗಂ ಬೀದಿಗೆ ಬಿದ್ದಳು. ಅಮೀರ್‌ಪೇಟ್‌ನಲ್ಲಿ ಅಲುಗಾಡದೆ ನಿಂತದ್ದರ ಮೇಲೆಲ್ಲ ಕಂಪ್ಯೂಟರ್ ಕೋರ್ಸಿನ ಪೋಸ್ಟರ್ ಅಂಟಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಗಾಜಿನ ಮೇಲೆ "ಜಾವಾ ಕಲಿಯಿರಿ, ಅಮೆರಿಕಕ್ಕೆ ಹಾರಿರಿ" ಎಂದಿತ್ತು. ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲೇ ಏದುಸಿರು ಬಿಡುವ ಮುದುಕಿಗೆ!

ಗಗನ ಆಫೀಸಿಗೆ ಹೋದದ್ದೇ ತಡ, ಬೇಗಂಳನ್ನು ಒಳಗೆ ನುಗ್ಗಿಸಿದೆ. ಮಂದಾಕಿನಿ ಸ್ಪ್ಯಾನರ್ ತಂದು ನನ್ನ ಕೈಗಿಟ್ಟಳು.

"ಒಂದ ಬೋಲ್ಟು ಸಡಿಲ ಮಾಡ್ರಿ. ಸೋರಲಿ."

ಮಾಡಿದೆ. ಸೋರಲಿಲ್ಲ. ಎಲ್ಲ ಬೋಲ್ಟು ಸಡಿಲಿಸಿದೆ. ಆ ಪಾಪಿ ಅಂಟು ಮುಚ್ಚಳವನ್ನು ಬಿಡಲೇ ಇಲ್ಲ!

"ಮದುವಿಯಾದಾಗಿಂದ ನೀವು ಪಕ್ಕಾ ಮಾಡಿದ ಕೆಲಸ ಇದೊಂದ," ಎಂದು ಹಣೆ ಬಡಿದುಕೊಂಡಳು. "ಅದೂ ಬ್ಯಾಡಾದದ್ದು!"

ಈಗ ದಿನವೂ ನಾನು ಡಬ್ಬಿಯಲ್ಲಿ ಹಳೆಯ ಇಂಜಿನ್ ಎಣ್ಣೆ ಹಿಡಿದು, ಬೇಗಂಳ ಕೆಳಗೆ ಬಗ್ಗಿ, ಚಮಚದಿಂದ ಹನಿ ಬಿಡುತ್ತೇನೆ. ಅದೇ ದೋಸೆಯ ಚಮಚ. ಮಂದಾಕಿನಿ ಸೊಂಟದ ಮೇಲೆ ಕೈಯಿಟ್ಟು ಮೇಲ್ವಿಚಾರಣೆ ಮಾಡುತ್ತಾಳೆ.

"ಹಂಗ ಸಾಲಾಗಿ ಚುಕ್ಕಿ ಇಡಬ್ಯಾಡ್ರಿ, ರಂಗೋಲಿ ಅಂತ ತಿಳದು ಆ ಹುಡುಗ ಮತ್ತ ಬಂದಾನು. ಸೋರಿದ್ಹಂಗ ಕಾಣಬೇಕು... ಥೂ, ಸೋರೋದ್ರಾಗೂ ನಿಮಗಿಂತ ಆ ಬೇಗಂ ಎಷ್ಟೋ ಚಲೋ!"