ಕಾರ್ಟೂನಿಗೊಬ್ಬ ಸೋದರಮಾವ

ಮಕ್ಕಳಿಗಾಗಿ ತಾನು ಏನೇನು ತ್ಯಾಗ ಮಾಡಿದ್ದೇನೆ ಎಂಬುದನ್ನು ವಿಜಿ ಯಾರು ಕೇಳಿದರೂ, ಕೇಳದಿದ್ದರೂ ಹೇಳುತ್ತಿದ್ದಳು. (ಇದ್ದವನು ಒಬ್ಬನೇ ಮಗ. ಆದರೆ ತ್ಯಾಗದ ಮಾತಿಗೆ ಬಹುವಚನವೇ ಶೋಭೆ.) ಅದರಲ್ಲಿ ಅಗ್ರಸ್ಥಾನ ಶನಿವಾರದ ಬೆಳಗಿನದು. ಮೈಸೂರು ಬಿಟ್ಟು ನೈರೋಬಿಯ ಲೊರೆಶೋಗೆ ಬಂದ ಹೊಸತು. ಗಂಡ ಯೋಗೀಶ ಶನಿವಾರವೂ ಔಷಧಿ ಫ್ಯಾಕ್ಟರಿಗೆ ಹೋಗುತ್ತಿದ್ದ. ಅವಳು ಐದು ವರ್ಷದ ಚಿರಂತನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಂಟು ಗಂಟೆಗೆ ಸರಿಯಾಗಿ ಟೀವಿ ಹಾಕುತ್ತಿದ್ದಳು. ಕಾರ್ಟೂನು ತಪ್ಪಿತೋ, ಮತ್ತೆ ಒಂದು ವಾರ ಕಾಯಬೇಕು.

ಅದರಲ್ಲೊಂದು ನೀಲಿ ಮೊಲ, ಅದರ ಹಿಂದೆ ಸದಾ ಓಡುವ ಒಕ್ಕಣ್ಣಿನ ತೋಳ. ಅವು ಮೂಗಿನಲ್ಲಿ ಆಡುವ ಇಂಗ್ಲಿಷು ವಿಜಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಹಾಗೆಂದು ಮಗನ ಮುಂದೆ ಒಪ್ಪಿಕೊಳ್ಳುವುದುಂಟೇ? ಹುಡುಗನಿಗೆ ಕನ್ನಡ ಕಲಿಸಿದಂತೆಯೂ ಆಯಿತೆಂದು ಕಥೆಯನ್ನು ತಾನೇ ಹೆಣೆದಳು. ಮೊಲದ ಹೆಸರು ಪುಟ್ಟಣ್ಣ. ತೋಳ ಅವನ ಸೋದರಮಾವ. ಅಕ್ಕನ ಮಗ ಊಟ ಬಿಟ್ಟು ಓಡಿಹೋದನಲ್ಲ ಎಂದು, ಪಾಪ, ಡಬ್ಬಿ ಹಿಡಿದು ಬೆನ್ನು ಹತ್ತಿದ್ದಾನೆ. ಏಳು ವರ್ಷ ಓಡಿದರೂ ಡಬ್ಬಿ ತಲುಪಲಿಲ್ಲ.

ಈಗ ಚಿರಂತನಿಗೆ ಹದಿನಾಲ್ಕು. ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ, ಅಮ್ಮನ ಪಾಲಿಗೆ ಅವನು ಊರಲ್ಲೇ ಇಲ್ಲ. ಎರಡು ವರ್ಷದಿಂದ ವಿಜಿ ಶನಿವಾರದ ಕಾಫಿಯನ್ನು ಒಬ್ಬಳೇ ಕುಡಿಯುತ್ತಿದ್ದಳು, ಕಂಪ್ಯೂಟರಿಗೆ ಶಾಪ ಹಾಕುತ್ತ. ಅದೇ ಕಾರ್ಟೂನು ಮರುಪ್ರಸಾರವಾಗುತ್ತದೆಂದು ತಿಳಿದದ್ದೇ ತಡ, ಮಗನನ್ನು ಮರಳಿ ಗೆಲ್ಲಲು ಅವಳು ಸಮರಸನ್ನದ್ಧಳಾದಳು. ದೋಸೆ ಹಿಟ್ಟು ರುಬ್ಬಿದ್ದಾಯಿತು. ಬಾಗಿಲು ಬಡಿದದ್ದಾಯಿತು.

"ಚಿರು, ಬಾರೋ. ಇವತ್ತು ನಮ್ಮ ಮೊಲ ಬರುತ್ತೆ."

"ಮಮ್ಮಿ, ಐ ಆಮ್ ಫೋರ್ಟೀನ್."

"ದೋಸೆಗೇನೂ ವಯಸ್ಸಿಲ್ಲ, ಬಾ."

ಬಂದ. ಸೋಫಾದ ಇನ್ನೊಂದು ತುದಿಯಲ್ಲಿ ಯೋಗೀಶ ಪೇಪರು ಹಿಡಿದಿದ್ದ. (ಮ್ಯಾನೇಜರಾದ ಮೇಲೆ ಅವನಿಗೆ ಶನಿವಾರ ರಜೆ. ಅದನ್ನು ಪೂರ್ತಿ ಪೇಪರಿಗೆ ಬರೆದುಕೊಟ್ಟಿದ್ದ.)

ಹೆಸರು ತೋರಿಸಿ ಮುಗಿಯುವ ಮೊದಲೇ ವಿಜಿ ಶುರು ಹಚ್ಚಿದಳು. "ನೋಡು ನೋಡು, ಸೋದರಮಾವ ಬಂದ. ಕೈಯಲ್ಲಿ ಡಬ್ಬಿ..."

"ಮಮ್ಮಿ, ದಟ್ಸ್ ಎ ಬಾಂಬ್."

"ಬಾಂಬಾ?"

"ಆಲ್ವೇಸ್ ಬಾಂಬ್. ನಾನು ಕ್ಲಾಸಲ್ಲಿ ಎಲ್ಲರಿಗೂ ಅದು ಲಂಚ್ ಅಂತ ಹೇಳಿದ್ದೆ. ದೇ ಕಾಲ್ಡ್ ಮಿ ಟಿಫಿನ್ ಟಿಲ್ ಕ್ಲಾಸ್ ಫೈವ್."

ವಿಜಿಯ ಮುಖ ಸಪ್ಪಗಾಯಿತು. "ಸುಳ್ಳು ಅಂತ ಗೊತ್ತಾದ್ಮೇಲೂ ಯಾಕೋ ಕೂತು ಕೇಳ್ತಿದ್ದೆ, ಅಷ್ಟು ವರ್ಷ?"

ಚಿರಂತ ಅಪ್ಪನ ಕಡೆ ನೋಡಿದ. ಪೇಪರು ಒಂದು ಗೇಣು ಮೇಲಕ್ಕೇರಿತು.

"ಪಾಪಾ ಹೇಳಿದ್ರು. ಮಮ್ಮಿಗೆ ಇಲ್ಲಿ ಮಾತಾಡೋಕೆ ಯಾರೂ ಇಲ್ಲ, ನೀನು ಜೊತೆಗೆ ಕೂತ್ಕೋ ಅಂತ."

ಏಳು ವರ್ಷ ಕಲಿಸಿದ ಕನ್ನಡದಲ್ಲಿ ಅವನು ಒಂದೂ ತಪ್ಪಿಲ್ಲದೆ ಆಡಿದ ಮೊದಲ ಮಾತು ಅದು.

"ಆಮೇಲೆ ಯು ಗಾಟ್ ಯುವರ್ ಡ್ರೈವಿಂಗ್ ಲೈಸೆನ್ಸ್," ಎಂದ ಅವನು. "ಪಾಪಾ ಸೆಡ್, ಸವಾ, ಇನ್ನು ಸಾಕು." (ಸವಾ ಎಂದರೆ ಅಲ್ಲಿನ ಸ್ವಾಹಿಲಿಯಲ್ಲಿ ‘ಸರಿ’.)

ಆ ಲೈಸೆನ್ಸು ಮೂರನೆಯ ಪ್ರಯತ್ನಕ್ಕೆ ಸಿಕ್ಕಿತ್ತು. ವಿಜಿ ದೇವಸ್ಥಾನದಲ್ಲಿ ತೆಂಗಿನಕಾಯಿ ಒಡೆಸಿ, ಬೀದಿಗೆಲ್ಲ ಪೇಡ ಹಂಚಿ, ಇನ್ನು ನನಗೆ ಯಾರ ಹಂಗೂ ಇಲ್ಲ ಎಂದು ಸಾರಿಕೊಂಡು ಬಂದಿದ್ದಳು. ಅದು ಮಗನನ್ನು ಕೆಲಸದಿಂದ ಬಿಡುಗಡೆ ಮಾಡಿದ ಪೇಡವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ನಿಜವೇನ್ರೀ?"

"ಆಗ ನೀನು ಫ್ರಿಜ್ ಜೊತೆ ಮಾತಾಡ್ತಿದ್ದೆ ಕಣೇ," ಎಂದಿತು ಪೇಪರು. "ನಂಗೂ ಹೆದರಿಕೆ ಆಯ್ತು. ಏನ್ ಮಾಡ್ಲಿ?"

"ಅದಕ್ಕೆ ಮಗೂಗೆ ಶಿಫ್ಟ್ ಹಾಕಿದ್ರಾ? ನೀವೇ ಒಂದಿನ ಕೂತಿದ್ರೆ ಏನಾಗ್ತಿತ್ತು?"

ಪೇಪರು ಒಂದು ಪುಟ ಮಗುಚಿತು. ಮಗುವಿಗಾಗಿ ತಾನು ಕೂತಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡದ್ದೇ ಬಂತು. ಮಗು ತನ್ನನ್ನು ಕಾಯುತ್ತ ಕೂತಿತ್ತು. ಅವಳು ಬಾಯಿ ಮುಚ್ಚಿಕೊಂಡು ಮೊದಲ ಸಲ ಆ ಕಾರ್ಟೂನನ್ನು ಕಿವಿಗೊಟ್ಟು ನೋಡಿದಳು. ನೈರೋಬಿಯಲ್ಲಿ ಒಂಬತ್ತು ವರ್ಷ ಕಳೆದಿದ್ದಕ್ಕೋ ಏನೋ, ಇಂಗ್ಲಿಷೆಲ್ಲ ಅರ್ಥವಾಯಿತು. ತೋಳಕ್ಕೆ ಹಸಿವು, ಮೊಲಕ್ಕೆ ಭಯ. ಯಾರೂ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಚಿರಂತನಿಗೆ ಪಾಪ ಅನ್ನಿಸಿತು. "ನೆಕ್ಸ್ಟ್ ಸ್ಯಾಟರ್ಡೇನೂ ಕೂತ್ಕೋತೀನಿ, ಮಮ್ಮಿ. ಹಾಫ್ ಆನ್ ಅವರ್. ಪಾಪಾ ಹೇಳ್ಬೇಕಾಗಿಲ್ಲ."

"ಬೇಡಪ್ಪ. ಮುಂದಿನ ಶನಿವಾರ ನಂಗೆ ಬೇರೆ ಕೆಲಸ ಇದೆ."

ಯಾವ ಕೆಲಸ ಎಂದು ಕೇಳಿದರೆ ಹೇಳಲು ಅವಳು ಮನಸ್ಸಿನಲ್ಲೇ ಒಂದು ಕೆಲಸ ಹುಡುಕತೊಡಗಿದಳು. ಅವನು ಕೇಳಲಿಲ್ಲ. "ಸವಾ," ಎಂದು ಎದ್ದು ಹೋದ.

ಪೇಪರು ಮೆಲ್ಲಗೆ ಕೆಳಗಿಳಿಯಿತು.

"ಹಾಗಾದ್ರೆ," ಎಂದ ಯೋಗೀಶ, "ಕ್ರಿಕೆಟ್ ಹಾಕ್ಲಾ?"